ಔಷಧಿಯ ಹಿಂದೆಯೇ ಕೊಟ್ಟ ಚಾ

ಮಹಾದೇವಿ, ನಿನ್ನ ಮಗಳಿಗೆ ಚಾ ಕುಡಿಸುತ್ತಿದ್ದವಳು ನಾನು. ದಿನವೂ — ನೀನು ಬೇಡವೆಂದ ಮೇಲೂ.

ಮರಾಠಿ ಸೀಮೆಯ ವಿಠ್ಠಲವಾಡಿಯ ಚಾಳಿನಲ್ಲಿ ನಮ್ಮದು ಎದುರುಬದುರು ಖೋಲಿ. ನೀನು ಕಲಬುರಗಿ ಕಡೆಯವಳು, ನಾನು ಉಡುಪಿಯವಳು. ಕನ್ನಡದವಳು ಎಂಬ ಒಂದೇ ನಂಬಿಕೆಯಿಂದ ನೀನು ಎರಡು ವರ್ಷದ ಭಾಗ್ಯಾಳನ್ನು ನನ್ನ ಬಳಿ ಬಿಟ್ಟು ಶಹಾಡಿನ ಫ್ಯಾಕ್ಟರಿಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದೆ. ಮಗು ಬಿಳಿಚಿಕೊಂಡಿತ್ತು, ಗೋಡೆಯ ಸುಣ್ಣ ಕೆರೆದು ತಿನ್ನುತ್ತಿತ್ತು. ರಕ್ತ ಕಡಿಮೆ ಎಂದು ಡಾಕ್ಟರು ಕಬ್ಬಿಣದ ಔಷಧಿ ಬರೆದುಕೊಟ್ಟರು. ಅಂದು ನೀನು ನನ್ನ ಕೈ ಹಿಡಿದು ಹೇಳಿದ್ದೆ: "ಅಕ್ಕಾ, ಚಾ ಮಾತ್ರ ಕೊಡಬ್ಯಾಡ್ರಿ. ಚಾ ಕುಡುದ್ರ ಔಷಧ ಮೈಗಿ ಹತ್ತಂಗಿಲ್ಲಂತ."

ಆಯಿತು ಎಂದೆ. ಬೆಳಿಗ್ಗೆ ನೀನು ಲಿಂಬೆ ನೀರಿನ ಜೊತೆ ಔಷಧಿ ಕುಡಿಸಿ ಲೋಕಲ್ ರೈಲು ಹಿಡಿಯಲು ಓಡುತ್ತಿದ್ದೆ. ಮಗು ಅಳುತ್ತಿತ್ತು. ನನಗೆ ಸೀರೆಗಳಿಗೆ ಫಾಲ್ ಹೊಲಿಯುವ ಕೆಲಸ, ಮಧ್ಯಾಹ್ನದೊಳಗೆ ಅಂಗಡಿಗೆ ಕೊಡಬೇಕು... ಖಾರಿ ಬಿಸ್ಕಿಟು ಅದ್ದಿ ಚಾ ಕೊಟ್ಟರೆ ಸುಮ್ಮನಾಗುತ್ತಿತ್ತು. ನೀನು ಡಬ್ಬಿಯಲ್ಲಿಟ್ಟು ಹೋದ ರೊಟ್ಟಿ, ಮೆಂತ್ಯ ಪಲ್ಯ ಬೇಡವೆಂದರೆ ಮತ್ತೆ ಚಾ. ಊರಲ್ಲಿ ನಾವೆಲ್ಲ ಚಾ ಕುಡಿದೇ ಬೆಳೆದವರಲ್ಲವೇ ಅಂದುಕೊಂಡೆ. ಇಲ್ಲ — ಏನೂ ಅಂದುಕೊಳ್ಳಲಿಲ್ಲ. ಮಗು ಸುಮ್ಮನಿದ್ದರೆ ಸಾಕಿತ್ತು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ನಾನು. ನೀನು ಬರುವ ಮೊದಲು ಅದರ ಬಾಯಿ ತೊಳೆದುಬಿಡುತ್ತಿದ್ದೆ.

ಮತ್ತೆ ಪರೀಕ್ಷೆ ಮಾಡಿಸಿದಾಗ ರಕ್ತ ಏರಿರಲೇ ಇಲ್ಲ. ಔಷಧಿ ಸರಿಯಾಗಿ ಕೊಟ್ಟಿಲ್ಲ ಎಂದು ಡಾಕ್ಟರು ನಿನ್ನನ್ನೇ ಬೈದರು. ಮನೆಗೆ ಬಂದ ಮೇಲೆ ನಿನ್ನ ಗಂಡ ಶರಣಪ್ಪ ಇಡೀ ಚಾಳಿಗೆ ಕೇಳುವ ಹಾಗೆ ಕೂಗಿದ: "ಕೂಸಿಗಿ ಔಷಧ ಹಾಕಲಾಕ ಆಗಲ್ಲ, ನಿನಗ್ಯಾಕ ಬೇಕು ಫ್ಯಾಕ್ಟರಿ?"

ನೀನು ಎದುರು ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದೆ. "ಅಕ್ಕಾ, ಚಾ ಕೊಟ್ಟಿಲ್ಲಲ್ಲ?"

"ಇಲ್ಲ ಮಾರಾಯ್ತಿ. ದೇವರಾಣೆ."



ನೀನು ಕೆಲಸ ಬಿಟ್ಟೆ. ಅದೇ ಔಷಧಿ, ಅದೇ ಪಲ್ಯ — ಕೆಲವೇ ತಿಂಗಳಲ್ಲಿ ಭಾಗ್ಯಾಳ ಮುಖಕ್ಕೆ ಬಣ್ಣ ಬಂತು, ಸುಣ್ಣ ತಿನ್ನುವುದೂ ನಿಂತಿತು. ತಾಯಿ ಮನೆಯಲ್ಲಿದ್ದರೆ ಹೀಗೆ ನೋಡಿ ಎಂದರು ಚಾಳಿನವರು. ಹೌದು ಹೌದು ಎಂದೆ ನಾನು. ಆಗ ನನಗೆ ಏನಾದರೂ ಅನಿಸಿತೇ... ನೆನಪಿಲ್ಲ. ಫಾಲ್ ಹೊಲಿಯುತ್ತ ಕೂತಿದ್ದೆ.

ಹದಿನಾರು ವರ್ಷ ಕಳೆದವು. ಮೊನ್ನೆ ನೀವೀಗ ಇರುವ ಸಾನಪಾಡಾದ ಮನೆಗೆ ಬಂದಿದ್ದೆ. ಹನ್ನೆರಡನೇ ತರಗತಿ ಮುಗಿಸಿದ ಭಾಗ್ಯಾ ಕೆಲಸಕ್ಕೆ ಸೇರುವ ಮಾತೆತ್ತಿದಳು. ನೀನು ಅಂದೆ: "ಮಕ್ಕಳಾದ ಮ್ಯಾಲ ಬಿಟ್ಟುಬಿಡು. ನಾ ಕೆಲಸಾ ಕೆಲಸಾ ಅಂತ ಹೋಗಿ ನಿನ್ನ ಸಾಯಿಸ್ತಿದ್ದೆ." ಆಮೇಲೆ ನನ್ನನ್ನು ತೋರಿಸಿ, "ಈ ಅಕ್ಕ ಇದ್ರು, ಅದಕ್ಕ ಉಳದಿ."

ನೀನು ಕೊಟ್ಟ ಉಪ್ಪಿಟ್ಟು ತಿಂದು ಎದ್ದು ಬಂದೆ.

ಭಾನುವಾರ ಮತ್ತೆ ಬರುತ್ತೇನೆ. ಶರಣಪ್ಪ ಮನೆಯಲ್ಲಿರುವಾಗಲೇ, ಭಾಗ್ಯಾಳ ಎದುರಿಗೇ ಹೇಳುತ್ತೇನೆ. ಬಾಗಿಲು ಹಾಕಿಕೊಂಡರೆ ಹೊರಗೆ ನಿಂತೇ ಹೇಳುತ್ತೇನೆ. ನೀನು ಯಾವ ತಪ್ಪೂ ಮಾಡಿರಲಿಲ್ಲ, ಮಹಾದೇವಿ.