ನಾನು ಕಂಡಿದ್ದ ಮೂರು ಕಲ್ಲು

ಕಲ್ಲುಗಳಿದ್ದವು, ನಿಂಗವ್ವ. ಮೂರು ಫರ್ಸಿ ಹಾಸುಗಲ್ಲಿನ ತುಂಡುಗಳು, ನಡುವೆ ಕೋಲಿಗೆ ಕಟ್ಟಿದ ನಿಮ್ಮ ಹಳೆಯ ಕೆಂಪು ಸೀರೆಯ ಚೂರು. ನಾನು ನೋಡಿದ್ದೆ. ಇರಲಿಲ್ಲವೆಂದು ಎಲ್ಲರೆದುರು ಹೇಳಿದ್ದು ಸುಳ್ಳು.

ಮೂರು ವರ್ಷವಾಯಿತು. ಆಗ ಅಣ್ಣ ನನ್ನನ್ನು ಕಾಳಗಿಯಿಂದ, ನಾನು ಪಾಠ ಹೇಳುವ ಚಿಂಚೋಳಿಯ ಕಾಲೇಜಿಗೆ ದಿನವೂ ಬೈಕಿನಲ್ಲಿ ಬಿಡುತ್ತಿದ್ದ. ಹದಿನೆಂಟು ವರ್ಷ ಅದೇ ರಸ್ತೆಯಲ್ಲಿ ಓಡಿಸಿದವನು, ಒಮ್ಮೆಯೂ ಬಿದ್ದವನಲ್ಲ. ತೊಗರಿ ಕಟಾವಾದ ಮೇಲೆ ದಾರಿಯಲ್ಲಿ ಸಿಗುವ ನಿಮ್ಮೂರಲ್ಲಿ ಗಿಡಗಳನ್ನು ಡಾಂಬರಿನ ಮೇಲೆ ಹಾಸುತ್ತೀರಿ — ಲಾರಿ, ಬಸ್ಸು ತುಳಿದು ಹೋದರೆ ಕಾಳು ಬಿಡುತ್ತದೆ. ಬೈಕಿನವರು ಎಚ್ಚರವಾಗಲೆಂದು ಅದರ ಮುಂದೆ ಕಲ್ಲು, ಕೆಂಪು ಬಟ್ಟೆ ಇಡುತ್ತೀರಿ. ಹೊಸದಾಗಿ ಗಾಡಿ ಕಲಿತವರು ಅಲ್ಲಿ ಎರಡೂ ಕಾಲು ನೆಲಕ್ಕೆ ಊರುತ್ತ ದಾಟುತ್ತಾರೆ. ಅಣ್ಣನೂ ಮೊದಲು ಹಾಗೆಯೇ ದಾಟುತ್ತಿದ್ದನಂತೆ. ಆಮೇಲೆ ನಿಧಾನಿಸುವುದನ್ನು ಬಿಟ್ಟ — ಯಾವಾಗ ಬಿಟ್ಟೆನೆಂಬುದು ಅವನಿಗೂ ಗೊತ್ತಿಲ್ಲ.

ಆ ಬೆಳಿಗ್ಗೆ ಅವನು ಮುಖ ಹಿಂದಕ್ಕೆ ತಿರುಗಿಸಿ ನನ್ನೊಡನೆ ಮಾತಾಡುತ್ತಿದ್ದ. ಅವನ ಭುಜದ ಮೇಲಿಂದ ನನಗೆ ಕೆಂಪು ಬಟ್ಟೆ ಕಂಡಿತು. ಹೇಳಬೇಕಿತ್ತು. ಆದರೆ ಹಿಂದಿನ ವಾರ 'ಸಾವಕಾಶ' ಎಂದಿದ್ದಕ್ಕೆ ಅವನು ನಕ್ಕಿದ್ದ.

"ಹಿಂದ ಕುಂತು ಬ್ರೇಕ್ ಹಾಕಬ್ಯಾಡವ್ವ, ಮೇಡಂ! ಈ ರೋಡ್ ನಂಗ ಕಣ್ಣು ಮುಚ್ಚಿದ್ರೂ ಗೊತ್ತದ."

ಆ ನಗು ನೆನಪಾಗಿ ಸುಮ್ಮನಾದೆ. ಎರಡು ಉಸಿರಿನಷ್ಟು ಹೊತ್ತು, ಅಷ್ಟೇ. ಅವನು ಮುಂದೆ ನೋಡಿದಾಗ ಕಲ್ಲು ಎದುರಿಗೇ ಇತ್ತು. ತಪ್ಪಿಸಿ ತೊಗರಿಯ ಮೇಲೆ ಹೋದ, ಗಾಬರಿಯಲ್ಲಿ ಬ್ರೇಕ್ ಹಿಡಿದ — ಕಾಳಿನ ಮೇಲೆ ಚಕ್ರ ಜಾರಿತು. ನಾನು ಹೊಟ್ಟಿನ ಮೇಲೆ ಬಿದ್ದೆ. ಅವನ ಕಾಲು ಬೈಕಿನಡಿ ಸಿಕ್ಕಿತ್ತು. ಹಿಂದೆ ಬರುತ್ತಿದ್ದ ಲಾರಿ ನಿಂತಾಗ ಅದರ ಚಕ್ರಕ್ಕೂ ಅವನ ತಲೆಗೂ ಒಂದು ಮೊಳ ಅಂತರ. ಆ ಒಂದು ಮೊಳ ಈಗಲೂ ಕಣ್ಣು ಮುಚ್ಚಿದರೆ —

ನೀವು ಎದೆ ಬಡಿದುಕೊಳ್ಳುತ್ತ ಓಡಿ ಬಂದಿರಿ. "ಕಲ್ಲಿಟ್ಟಿದ್ದೆನಲ್ಲೋ ನನ್ನಪ್ಪಾ!" ಅಷ್ಟರಲ್ಲಿ ಬೈಕ್ ಎಳೆಯಲು ಬಂದವರು ಕಲ್ಲುಗಳನ್ನು ಬದಿಗೆ ಎಸೆದಿದ್ದರು. ಯಾರೋ ಹಿರಿಯರು ನನ್ನ ಕಡೆ ತಿರುಗಿದರು.

"ಓದಿದವ್ರು ನೀವು, ನೀವೇ ಹೇಳ್ರಿ ಮೇಡಂ. ಕಲ್ಲಿದ್ದವೇನು?"

"ಇರಲಿಲ್ಲ," ಎಂದೆ.

ನೀವು ನನ್ನ ಮುಖವನ್ನೇ ನೋಡಿದಿರಿ; ನಾನು ಮುಖ ತಗ್ಗಿಸಿದೆ. ಅಂದಿನಿಂದ ಊರಲ್ಲಿ ನಿಮ್ಮನ್ನು 'ಕಾಲು ಮುರಿಸಿದಾಕಿ' ಎನ್ನುತ್ತಾರಂತೆ. ಮಗನೇ ನಿಮ್ಮನ್ನು ಬೈದನಂತೆ. ಅಣ್ಣನಿಗೆ ಬಿದ್ದ ಗಳಿಗೆಯ ನೆನಪಿಲ್ಲ, ನನ್ನ ಮಾತನ್ನೇ ನಂಬಿದ. "ಆ ಮುದುಕಿ ಕಲ್ಲಿಟ್ಟಿದ್ರ ನಾ ಬೀಳ್ತಿದ್ದಿಲ್ಲ" ಎನ್ನುತ್ತ, ಕುಂಟುಗಾಲಲ್ಲೇ ಮತ್ತೆ ಬೈಕ್ ಓಡಿಸುತ್ತಾನೆ — ಅದೇ ವೇಗ, ಅದೇ ಹಿಂದಕ್ಕೆ ತಿರುಗಿ ಮಾತಾಡುವ ಚಾಳಿ. ತಪ್ಪು ತನ್ನದಲ್ಲವೆಂದು ನಂಬಿದವನು ಏನನ್ನು ತಿದ್ದಿಕೊಂಡಾನು?

ಈಗ ನಾನೂ ಸ್ಕೂಟಿಯಲ್ಲಿ ಹೋಗುತ್ತೇನೆ. ಕಳೆದ ವಾರ ಕಾಲೇಜು ಮುಟ್ಟಿದ ಮೇಲೆ ಹೊಳೆಯಿತು — ನಿಮ್ಮೂರು ದಾಟಿದ್ದೇ ನೆನಪಿಲ್ಲ. ತೊಗರಿ ಹಾಸಿತ್ತೋ, ಕಲ್ಲಿದ್ದವೋ, ನೀವು ರಸ್ತೆಯಲ್ಲಿದ್ದಿರೋ, ಏನೂ.

ನಿನ್ನೆ ಅಣ್ಣನಿಗೆ ಹೇಳಿದೆ. ಅವನು ತನ್ನ ಕಾಲನ್ನೊಮ್ಮೆ ನೋಡಿಕೊಂಡ.

"ನೀ ನೋಡಿದ್ದಿ?"

"ಹೂಂ."

"ಮತ್ಯಾಕ ಹೇಳಲಿಲ್ಲ?"

 

ನಾಳೆ ಬೆಳಿಗ್ಗೆ ಬರುತ್ತೇನೆ, ನಿಂಗವ್ವ — ಅಂದು ನನ್ನನ್ನು ಕೇಳಿದ ಜನರೆಲ್ಲ ರಸ್ತೆಯಲ್ಲಿರುವ ಹೊತ್ತಿಗೆ. ಕಲ್ಲುಗಳಿಂದ ದೂರದಲ್ಲೇ ಗಾಡಿ ನಿಲ್ಲಿಸಿ, ನಡೆದು ಬಂದು ಹೇಳುತ್ತೇನೆ. ನೀವು ನನ್ನ ಮುಖ ನೋಡಿದರೆ ಈ ಸಲ ತಗ್ಗಿಸುವುದಿಲ್ಲ.