ಲೋವರ್ ಆರ್ಮ್ ಮೇಲಿನ ಮೂರು ಚುಕ್ಕಿ

೨೦೨೩ರಲ್ಲಿ ನನ್ನ ಗ್ಯಾರೇಜು ಹೆಬ್ಬಗೋಡಿಯಲ್ಲಿತ್ತು. ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ಪೀಣ್ಯದ ಪಕ್ಕದ ಬಾಗಲಗುಂಟೆಯಲ್ಲಿ ಇದೇ ಕೆಲಸ ಮಾಡಿದವನು ನಾನು. ಸದ್ದು ಕೇಳಿಯೇ ಗಾಡಿಯ ಕಾಯಿಲೆ ಹೇಳುತ್ತೇನೆಂಬ ಜಂಬ ನನಗಿತ್ತು. ಅದನ್ನು ಮುಚ್ಚಿಡುವ ಅಭ್ಯಾಸವೂ ಇರಲಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ಬಸವರಾಜ ಎಂಬಾತ ಹನ್ನೊಂದು ವರ್ಷ ಹಳೆಯ ಬೆಳ್ಳಿ ಬಣ್ಣದ ಸಣ್ಣ ಕಾರು ತಂದ. ಕೊಪ್ಪಳದ ಕಡೆಯವನು, ಬೊಮ್ಮಸಂದ್ರದ ಫ್ಯಾಕ್ಟರಿಯೊಂದರಲ್ಲಿ ಮಷಿನ್ ಆಪರೇಟರ್. ಕಾರು ಕೊಂಡು ಎರಡು ತಿಂಗಳಾಗಿತ್ತು. ಅವನು ಅದರ ನಾಲ್ಕನೆಯ ಮಾಲೀಕ. ವೇಗ ಎಂಬತ್ತು ದಾಟಿದರೆ ಸ್ಟೀರಿಂಗ್ ನಡುಗುತ್ತದೆ ಎಂಬುದು ದೂರು. ಎರಡು ಸಲ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದ್ದ. ಅಂದರೆ ಚಕ್ರ ಸುತ್ತುವಾಗ ಒಂದೇ ಕಡೆ ಭಾರ ಬೀಳದಂತೆ ರಿಮ್ಮಿಗೆ ಸಣ್ಣ ತೂಕದ ತುಂಡು ಕೂರಿಸುವುದು. ನಾಲ್ಕು ದಿನ ಸರಿಯಿದ್ದು ಮತ್ತೆ ನಡುಕ. ಮಾರನೆಯ ದಿನ ನಸುಕಿಗೇ ಹೆಂಡತಿಯನ್ನು ತವರಿಗೆ ಬಿಡಲು ಹೊರಡಬೇಕಿತ್ತು. ಬಸುರಿಗೆ ಮಾಡುವ ಕುಬಸ ಮುಗಿದಿತ್ತು, ಏಳು ತಿಂಗಳು ತುಂಬಿತ್ತು. ಬಸ್ಸಿನ ಕುಲುಕಾಟ ಬೇಡವೆಂದೇ ಈ ಕಾರು ಕೊಂಡಿದ್ದ.

ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಸಾಮಾನ್ಯವಾಗಿ ಬ್ರೇಕ್ ಡಿಸ್ಕಿನ ದೋಷ. ಇದು ಬ್ರೇಕ್ ಮುಟ್ಟದೆಯೂ ನಡುಗುತ್ತಿತ್ತು. ನೋಡಿದರೆ ಎಡ ಮುಂಚಕ್ರದ ರಿಮ್ ಸ್ವಲ್ಪ ಸೊಟ್ಟಗಿತ್ತು. ಅದನ್ನು ಹಿಂದಿನ ಚಕ್ರದ ಜಾಗಕ್ಕೆ ಹಾಕಿ, ಇನ್ನೊಮ್ಮೆ ಬ್ಯಾಲೆನ್ಸ್ ಮಾಡಿ, ಇಷ್ಟೇ ಎಂದೆ. ಕೀಲಿ ತೆಗೆದುಕೊಳ್ಳುವಾಗ ಅವನೊಂದು ಮಾತು ಸೇರಿಸಿದ: ಹಂಪ್ ಇಳಿಯುವಾಗ ಎಡಗಡೆ ಟಕ್ ಅನ್ನುತ್ತದೆಯಂತೆ.

ಸೊಟ್ಟ ರಿಮ್ ನಡುಗುತ್ತದೆ, ಟಕ್ ಅನ್ನುವುದಿಲ್ಲ. ಕೀಲಿ ವಾಪಸ್ ಇಸಿದುಕೊಂಡು ಕಾರನ್ನು ಲಿಫ್ಟಿಗೆ ಏರಿಸಿದೆ. ಎಡ ಮುಂಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಅಲುಗಿತು. ಕೆಳಭಾಗಕ್ಕೆಲ್ಲ ದಪ್ಪಗೆ ಕಪ್ಪು ಬಣ್ಣ ಬಳಿದಿತ್ತು. ಹಳೇ ಕಾರು ಮಾರುವವರು ತುಕ್ಕು ಹಿಡಿಯದಿರಲಿ ಎಂದು ಹೇಳಿ ಇದನ್ನು ಬಳಿಸುತ್ತಾರೆ. ಕೊಳ್ಳುವವನಿಗೆ ಹೊಸದರಂತೆ ಕಾಣುತ್ತದೆ, ಮೆಕ್ಯಾನಿಕ್ಕಿಗೆ ಏನೂ ಕಾಣುವುದಿಲ್ಲ. ತಂತಿ ಬ್ರಷ್ ಹಿಡಿದು ಲೋವರ್ ಆರ್ಮ್ ಉಜ್ಜಿದೆ. ಚಕ್ರವನ್ನು ಗಾಡಿಯ ಮೈಗೆ ಹಿಡಿದಿಡುವ ಕಬ್ಬಿಣದ ತೋಳು ಅದು. ಅದರ ತುದಿಯಲ್ಲಿ ಹಳೆಯ ವೆಲ್ಡಿಂಗ್ ಇತ್ತು, ಅರ್ಧಕ್ಕಿಂತ ಹೆಚ್ಚು ಬಿರುಕು ಬಿಟ್ಟಿತ್ತು. ಉಗುರು ಒಳಗೆ ಹೋಗುವಷ್ಟು ಬಿರುಕು. ಹೈವೇಯಲ್ಲಿ ಅದು ಕಳಚಿದ್ದರೆ ಚಕ್ರ ಮಡಚಿಕೊಂಡು ಗಾಡಿ ಪಲ್ಟಿ ಹೊಡೆಯುತ್ತಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಲೋವರ್ ಆರ್ಮ್ ಮುರಿದರೆ ಹೊಸದು ಹಾಕಬೇಕು, ವೆಲ್ಡ್ ಮಾಡಬಾರದು. ಇದು ನಮ್ಮ ಕಸುಬಿನ ಅಆಇಈ.

"ಯಾವ ಪುಣ್ಯಾತ್ಮ ಕಣ್ರೀ ಇದಕ್ಕೆ ವೆಲ್ಡಿಂಗ್ ಹಾಕಿದ್ದು? ಜನರ ಜೀವದ ಜೊತೆ ಆಟ ಆಡ್ತಾರೆ," ಎಂದು ಬೈಯುತ್ತಲೇ ಬ್ರಷ್ ಎಳೆದೆ. ವೆಲ್ಡಿಂಗ್ ಪಕ್ಕದಲ್ಲಿ ಮೂರು ಚುಕ್ಕಿ ಕಂಡವು.

ಪೀಣ್ಯದಲ್ಲಿ ಒಂದು ಪದ್ಧತಿಯಿದೆ. ಪಾರ್ಟುಗಳನ್ನು ಬೇರೆಯವರ ಶೆಡ್ಡಿಗೆ ಕೆಲಸಕ್ಕೆ ಕಳಿಸುವಾಗ ಅದಲುಬದಲಾಗದಿರಲಿ ಎಂದು ಪ್ರತಿಯೊಬ್ಬರೂ ಪಂಚ್ ಎಂಬ ಚೂಪು ಮೊಳೆಯಂಥ ಉಪಕರಣದಿಂದ ಹೊಡೆದು ತಮ್ಮ ಗುರುತು ಹಾಕುತ್ತಾರೆ. ನನ್ನ ಗುರುತು ಸಾಲಾಗಿ ಎರಡು ಚುಕ್ಕಿ, ಕೆಳಗೊಂದು.

ಇಲ್ಲಿದ್ದದ್ದೂ ಅದೇ. ಉಗಿದ ಉಗುಳು ನನ್ನ ಮುಖಕ್ಕೇ ಬಿದ್ದಿತ್ತು. ೨೦೨೦ರ ಲಾಕ್‌ಡೌನಿನಲ್ಲಿ ಬಾಗಲಗುಂಟೆಗೆ ನರ್ಸೊಬ್ಬರು ಇದೇ ಕಾರು ತಂದಿದ್ದರು. ಲೋವರ್ ಆರ್ಮ್ ಮುರಿದಿತ್ತು, ಸ್ಪೇರ್ ಅಂಗಡಿಗಳೆಲ್ಲ ಬಂದ್, ಅವರು ಡ್ಯೂಟಿಗೆ ಹೋಗಲೇಬೇಕು. ಪೀಣ್ಯದ ಪರಿಚಯದ ಶೆಡ್ಡಿನಲ್ಲಿ ವೆಲ್ಡ್ ಮಾಡಿಸಿಕೊಟ್ಟು, "ಮೆಲ್ಲಗೆ ಓಡಿಸಿ, ಅಂಗಡಿ ತೆಗೆದ ಕೂಡಲೇ ಹೊಸದು ಹಾಕುತ್ತೇನೆ," ಎಂದಿದ್ದೆ. ಅವರು ಬರಲಿಲ್ಲ. ನಾನೂ ಫೋನ್ ಮಾಡಲಿಲ್ಲ. ಆಮೇಲೆ ಗಾಡಿ ಕೈಯಿಂದ ಕೈಗೆ ಹೋಯಿತು, ನಾನು ಹೇಳಿದ ಎಚ್ಚರಿಕೆ ಅದರ ಜೊತೆ ಹೋಗಲಿಲ್ಲ.

ಸ್ವಲ್ಪ ಗ್ರೀಸ್ ಸವರಿದ್ದರೆ ಆ ಚುಕ್ಕಿಗಳು ಮಾಯವಾಗುತ್ತಿದ್ದವು. ಆ ಯೋಚನೆ ಬಂದಿದ್ದು ನಿಜ, ಸುಳ್ಳು ಹೇಳುವುದಿಲ್ಲ. ಆದರೆ ಬಸವರಾಜ ಪಕ್ಕದಲ್ಲೇ ಬಂದು ನಿಂತು, "ಏನಾತ್ರಿ ಅಣ್ಣಾರ?" ಎಂದ.

"ಇದು ನಾನೇ ಹಾಕಿಸಿದ್ದು," ಎಂದೆ. ಲಾಕ್‌ಡೌನಿನ ಕತೆಯನ್ನೂ ಹೇಳಿದೆ.

ಅವನು ಬಿರುಕಿನ ಮೇಲೆ ಬೆರಳಾಡಿಸಿದ. ಕಬ್ಬಿಣದ ಕೆಲಸ ಮಾಡುವವನು, ವಿವರಿಸಿ ಹೇಳಬೇಕಾಗಿರಲಿಲ್ಲ. ಕೂಗಾಡುತ್ತಾನೆ ಎಂದುಕೊಂಡೆ. ಅವನು ತಣ್ಣಗೆ ಕೇಳಿದ:

"ಹಿಂಗ ಇನ್ನ ಎಷ್ಟ್ ಗಾಡಿಗೆ ಹಾಕೀರಿ?"

"ಗೊತ್ತಿಲ್ಲ," ಎಂದೆ.

ಸಂಜೆಯೊಳಗೆ ಎರಡೂ ಕಡೆ ಹೊಸ ಲೋವರ್ ಆರ್ಮ್ ಹಾಕಿ, ಅತ್ತಿಬೆಲೆಯವರೆಗೆ ಇಬ್ಬರೂ ಹೋಗಿಬಂದೆವು. ತೊಂಬತ್ತರಲ್ಲೂ ಸ್ಟೀರಿಂಗ್ ಅಲ್ಲಾಡಲಿಲ್ಲ. ಆದರೂ ಅವನು ಶನಿವಾರ ಹೊರಡಲಿಲ್ಲ. ನನ್ನ ಕೆಲಸವನ್ನು ಇನ್ನೊಂದು ಗ್ಯಾರೇಜಿನಲ್ಲಿ ತೋರಿಸಿ, ಖಾತ್ರಿ ಮಾಡಿಕೊಂಡು ಭಾನುವಾರ ಹೆಂಡತಿಯನ್ನು ಕರೆದುಕೊಂಡು ಹೋದ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ತಾತ್ಕಾಲಿಕ ರಿಪೇರಿ ಎಂಬುದು ನಮ್ಮ ಬಾಯಲ್ಲಿ ಮಾತ್ರ ತಾತ್ಕಾಲಿಕ. ಗಾಡಿಗೆ ಅದು ಗೊತ್ತಿರುವುದಿಲ್ಲ. ಹೊಸದು ಹಾಕುವವರೆಗೂ ಆ ಕೆಲಸ ಮುಗಿದಿಲ್ಲ ಎಂದು ಬಸವರಾಜನ ಪ್ರಶ್ನೆ ನನಗೆ ಕಲಿಸಿತು. ಮರುವಾರ ಕೂತು ನೆನಪು ಮಾಡಿಕೊಂಡೆ. ಲಾಕ್‌ಡೌನಿನಲ್ಲಿ ಹೀಗೆ ವೆಲ್ಡ್ ಮಾಡಿಸಿಕೊಟ್ಟ ಇನ್ನೂ ಐದು ಗಾಡಿ ನೆನಪಾದವು. ಹಳೇ ನಂಬರುಗಳಿಗೆಲ್ಲ ಫೋನ್ ಮಾಡಿ ಮೂರನ್ನು ಹುಡುಕಿ ಸರಿಮಾಡಿದೆ. ಉಳಿದೆರಡು ಮಾರಾಟವಾಗಿ ಎಲ್ಲಿ ಹೋದವೋ ತಿಳಿಯಲಿಲ್ಲ. ಹೊಸೂರು ರಸ್ತೆಯಲ್ಲಿ ಹಳೆಯ ಕಾರೊಂದು ಪಕ್ಕದಲ್ಲಿ ಹಾದುಹೋದರೆ ಈಗಲೂ ನನ್ನ ಕಣ್ಣು ಮೊದಲು ಅದರ ಮುಂಚಕ್ರಕ್ಕೆ ಹೋಗುತ್ತದೆ.