ಅತ್ತೆಯ ಮೂಗು

ಐವತ್ತರ ದಶಕದಲ್ಲಿ ಮಲಾಡಿನ ಚಾಳಿನಲ್ಲಿ ನಮ್ಮದು ಒಂದೇ ಕೋಣೆ. ಉಡುಪಿ ಕಡೆಯ ನನ್ನ ಅತ್ತೆ ದೇವರ ನೈವೇದ್ಯಕ್ಕೆ ಮೊದಲು ಅಡುಗೆಯ ರುಚಿ ನೋಡುವವರಲ್ಲ. ಕುದಿಯುವ ಸಾರಿನ ಹಬೆ ಮೂಸಿಯೇ ಉಪ್ಪು ಹಾಕುತ್ತಿದ್ದರು.

“ಉಪ್ಪು ನಾಲಗೆಗಲ್ಲ, ಮೂಗಿಗೆ ಗೊತ್ತಾಗ್ಬೇಕು ಮಾರಾಯ್ತಿ” ಎಂದು ಹೊಸ ಸೊಸೆಯಾದ ನನ್ನನ್ನು ಹಂಗಿಸುತ್ತಿದ್ದರು. ನನ್ನ ಸಾರು ಒಂದು ದಿನ ಸಪ್ಪೆ, ಮರುದಿನ ಸಮುದ್ರ.

ಒಮ್ಮೆ ಅವರಿಗೆ ಜೋರು ನೆಗಡಿಯಾಗಿ ಮೂಗು ಪೂರ್ತಿ ಕಟ್ಟಿತು. ಇವತ್ತು ಸಿಕ್ಕಿಬಿದ್ದರು ಎಂದು ಒಳಗೊಳಗೇ ಹಿಗ್ಗಿದೆ. ಊಟಕ್ಕೆ ಕೂತರೆ ಉಪ್ಪು ಎಂದಿನಂತೆ ಹದವಾಗಿತ್ತು.

ಮರುದಿನ ಬಟ್ಟೆ ಒಣಹಾಕುವ ನೆಪದಲ್ಲಿ ಕಿಟಕಿಯಿಂದ ಇಣುಕಿದೆ. ಅತ್ತೆ ನೈವೇದ್ಯ ಮುಗಿಸಿದರು, ಅಂಗೈಗೆ ಸಾರು ಹಾಕಿಕೊಂಡು ನೆಕ್ಕಿದರು, ಆಮೇಲೆ ಪಾತ್ರೆಗೆ ಇನ್ನಷ್ಟು ಉಪ್ಪು ಉದುರಿಸಿದರು.

ಅಷ್ಟು ವರ್ಷ ಸಪ್ಪೆ ಸಾರು ಉಂಡ ದೇವರೇ ಬಾಯಿ ಬಿಟ್ಟಿರಲಿಲ್ಲ. ನಾನೂ ಬಿಡಲಿಲ್ಲ.